ಚಾದರದ ಆಚೆಯ ಕೈ

ಹಂಪಾಪುರ
೨ ಡಿಸೆಂಬರ್ ೧೯೭೪, ಸೋಮವಾರ

ಮುನ್ನಿಯ ಅಬ್ಬಾ ಅವರಿಗೆ ಅಜ್ಮತ್ ಮಾಡುವ ಸಲಾಮುಗಳು.

ನಿಮ್ಮ ಕಾಗದ ಶನಿವಾರ ಮಧ್ಯಾಹ್ನ ಕೈಸೇರಿತು. ಮದುವೆಯಾದ ಏಳು ವರ್ಷಗಳಲ್ಲಿ ನೀವು ನನಗೆ ಬರೆದ ಅತಿ ಉದ್ದದ ಕಾಗದ ಇದೇ. ಅಂಗಡಿಯಲ್ಲೇ ಕುಳಿತು ಬರೆದಿದ್ದೀರಿ ಎಂದು ಅಕ್ಷರ ನೋಡಿದರೆ ತಿಳಿಯುತ್ತದೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ತಗಡು ಕೊಳವೆ ಬಡಿಯುವಾಗ ಸುತ್ತಿಗೆ ಬಿದ್ದಲ್ಲೆಲ್ಲ ಸಾಲು ಜಿಗಿದಿದೆ.

ಉತ್ತರವನ್ನು ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಉರ್ದುವಿನಲ್ಲಿ ಬರೆದರೆ ಮನೆಯಲ್ಲಿ ಎಲ್ಲರ ಕೈಗೂ ಹೋಗುತ್ತದೆ. ಅದೂ ಅಲ್ಲದೆ, ನಾನು ಸಂಶೋಧನೆ ಮಾಡುತ್ತಿರುವ ರೋಗಕ್ಕೆ ನಮ್ಮ ಮನೆಯ ಉರ್ದುವಿನಲ್ಲಿ ನನಗೆ ಗೊತ್ತಿರುವ ಮಾತುಗಳೆಲ್ಲ ಬೈಗುಳಗಳೇ. ಕನ್ನಡದಲ್ಲಿ ಗುಹ್ಯರೋಗ ಎಂದು ಬರೆಯಬಹುದು, ಡಾಕ್ಟರರ ಸಿಫಿಲಿಸ್‌ಗೆ ಫರಂಗಿ ರೋಗ ಎಂದೂ ಬರೆಯಬಹುದು.

ನೀವು ಹೇಳಿರುವುದು ಇಷ್ಟು. ಕಾಡಿನವರ ಹಾಡಿಯ ಬಗ್ಗೆ ನಾನು ಬರೆದ ವರದಿಯಲ್ಲಿ ತಪ್ಪಾಗಿದೆ ಎಂಬ ಮಾತನ್ನು ನಾನು ಎಲ್ಲಿಯೂ ಆಡಕೂಡದು. ಥೀಸಿಸ್ ಈಗ ಹೇಗಿದೆಯೋ ಹಾಗೆಯೇ ಕೊಟ್ಟು ಎಂ.ಡಿ. ತೆಗೆದುಕೊಳ್ಳಬೇಕು. ಶುಕ್ರವಾರದೊಳಗೆ ಇಲ್ಲಿಯ ಗಂಟುಮೂಟೆ ಕಟ್ಟಿ ಹುಣಸೂರಿಗೆ ಬರಬೇಕು. ಇಲ್ಲವಾದರೆ ಆಮೇಲೆ ಬರುವುದೇ ಬೇಡ, ಮುನ್ನಿ ಅಜ್ಜಿಯ ಹತ್ತಿರ ಬೆಳೆಯುತ್ತಾಳೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ಮುಂದೆ ಬರೆದಿದ್ದೇನೆ. ಅರ್ಧಕ್ಕೆ ಮಡಿಸಿ ಗಲ್ಲಾದಲ್ಲಿ ಇಡಬೇಡಿ, ಪೂರ್ತಿ ಓದಿ.

ಕೆಲಸದ ವಿವರವನ್ನು ನೀವು ನನ್ನನ್ನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಣೆಕಟ್ಟಿನ ಕೂಲಿ ಶೆಡ್ಡುಗಳು ಬಂದ ಮೇಲೆ ಕೋಟೆ ತಾಲ್ಲೂಕಿನಲ್ಲಿ ಗುಹ್ಯರೋಗ ಎಷ್ಟು ಹಬ್ಬಿದೆ ಎಂದು ಅಳೆಯುವುದು ನಮ್ಮ ಸಮೀಕ್ಷೆ. ಶೆಡ್ಡಿನವರು, ಪೇಟೆಯವರು, ಕಾಡಂಚಿನವರು, ಹೀಗೆ ಮೂರು ಕಡೆಯ ರಕ್ತ. ರಕ್ತದ ತಿಳಿಯನ್ನು ಗಾಜಿನ ಮೇಲೆ ಔಷಧದ ಜೊತೆ ಅಲ್ಲಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ರೋಗ ಇದ್ದಲ್ಲಿ ಸಣ್ಣಸಣ್ಣ ಗಂಟು ಕಟ್ಟಿರುತ್ತದೆ. ಕಾಡಂಚಿಗೆ ಆರಿಸಿದ್ದು ಎನ್. ಬೇಗೂರಿನಿಂದ ಆಚೆಗಿರುವ ಹೊನ್ನೆಮರದ ಹಾಡಿ. ಹೋದ ಜನವರಿಯಲ್ಲಿ ಎರಡು ದಿನ ಅಲ್ಲಿ ಕುಳಿತು ನಲವತ್ತಮೂರು ನಳಿಕೆ ರಕ್ತ ತಂದೆ. ಹದಿನಾಲ್ಕರಲ್ಲಿ ಗಂಟು ಕಟ್ಟಿತ್ತು. ನೂರಕ್ಕೆ ಮೂವತ್ತಮೂರು. ಪ್ರೊಫೆಸರು ಆ ಅಂಕಿಯ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, “ಇದೇ ನಿಮ್ಮ ಥೀಸಿಸ್” ಎಂದರು.

ಆ ಅಂಕಿ ಹೊರಗೆ ಹೇಗೆ ಹೋಯಿತು? ಆಸ್ಪತ್ರೆಯವರು ಯಾರೋ ಹಬ್ಬಿಸಿದರು ಎಂದು ನೀವು ಬರೆದಿದ್ದೀರಿ. ಅಲ್ಲ. ಅದು ನಾವು ಊಟಕ್ಕೆ ಹಾಸಿದ ದಸ್ತರ್‌ಖಾನಿನಿಂದಲೇ ಎದ್ದು ಹೋಯಿತು. ರಂಜಾನ್ ಹಬ್ಬದ ಮಧ್ಯಾಹ್ನ ನೆನಪಿಸಿಕೊಳ್ಳಿ. ನಿಮ್ಮ ಅಕ್ಕನ ಗಂಡ ಬಷೀರ್ ಭಾಯಿ ಬಂದಿದ್ದರು. ನಾನು ಶೀರ್ ಖುರ್ಮಾ ಬಡಿಸುತ್ತಿದ್ದೆ. ನೀವು ಅವರ ಮುಂದೆ ಹೆಮ್ಮೆಯಿಂದಲೇ ಕೇಳಿದಿರಿ, ಇಷ್ಟೆಲ್ಲ ಓದಿ ಏನು ಕಂಡುಹಿಡಿದೆ ಎಂದು. ನಾನೂ ಹೆಮ್ಮೆಯಿಂದಲೇ ಹೇಳಿದೆ, ಒಂದು ಹಾಡಿಯಲ್ಲಿ ಮೂರಕ್ಕೊಬ್ಬರಿಗೆ ಫರಂಗಿ ರೋಗ ಇದೆ ಎಂದು. ನೀವು “ತೋಬಾ” ಎಂದು ನಕ್ಕಿರಿ. ಬಷೀರ್ ಭಾಯಿ ನಗಲಿಲ್ಲ. ಬಟ್ಟಲು ಕೆಳಗಿಟ್ಟು, “ಯಾವ ಹಾಡಿ ದುಲ್ಹನ್?” ಎಂದು ಕೇಳಿದರು. ನಾನು ಹೆಸರು ಹೇಳಿದೆ. ಕೊಡಗಿನ ತೋಟಗಳಿಗೆ ಆಳು ಸಾಗಿಸುವ ಲಾರಿ ಮೇಸ್ತ್ರಿಗೆ ಹಾಡಿಯ ಹೆಸರು ಏಕೆ ಬೇಕು ಎಂದು ಆ ಕ್ಷಣ ನನಗೆ ಹೊಳೆಯಲಿಲ್ಲ. ರೋಗಿಯ ಹೆಸರು ಹೇಳಬಾರದೆಂದು ಮೊದಲ ವರ್ಷವೇ ಪಾಠ ಹೇಳಿರುತ್ತಾರೆ. ಊರಿನ ಹೆಸರು ಹೇಳಬಾರದೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ತಿಳಿದುಕೊಳ್ಳಬೇಕಿತ್ತು.

ನವೆಂಬರ್ ಹದಿನೆಂಟರಂದು ನಾನು ಹಂಪಾಪುರದಲ್ಲಿ ರೋಗಿಗಳನ್ನು ನೋಡುತ್ತಿದ್ದಾಗ ಹೊನ್ನೆಮರದ ಹಾಡಿಯ ಯಜಮಾನ ದೊಡ್ಡಬೊಮ್ಮ ಬಂದು ಬಾಗಿಲಲ್ಲಿ ನಿಂತ. ಅವನ ಹಿಂದೆ ನಿಂಗಿ. ಇಪ್ಪತ್ತೈದರ ಆಸುಪಾಸಿನ ಹೆಂಗಸು, ಹಾಡಿಯಿಂದ ಕಾಫಿ ಕುಯ್ಯಲು ಹೋಗುವ ಹೆಂಗಸರ ತಂಡಕ್ಕೆ ಅವಳೇ ಮುಂದಾಳು. ಅವಳು ಸಾಲಿನಲ್ಲಿ ನಿಲ್ಲಲಿಲ್ಲ. ನೇರ ಮೇಜಿನ ಹತ್ತಿರ ಬಂದು ಕೇಳಿದಳು.

“ನಮ್ಗೆ ಕೆಟ್ ಕಾಯ್ಲೆ ಐತೆ ಅಂತ ಬರ್ದೋಳು ನೀನೇಯಾ?”

ದೊಡ್ಡಬೊಮ್ಮ ಗಾಬರಿಯಾಗಿ, “ನೀವು ಅನ್ನು ಕಣಮ್ಮಿ, ಡಾಕಟ್ರಮ್ಮ ಅವ್ರು” ಎಂದ.

“ಆಮೇಕೆ ಅಂತೀನಿ ಬುಡು. ಮೊದ್ಲು ಏಳ್ಲಿ. ನನ್ ರಕ್ತ ಯಾವಾಗ ತಗಂಡೆ ನೀನು? ಜನೌರೀಲಿ ನಾನು ಕೊಡಗ್ನಲ್ಲಿ ಕಾಪಿ ಕುಯ್ತಾ ಇದ್ದೆ. ನನ್ ರಕ್ತ ನನ್ನ ಬುಟ್ಟು ನಿನ್ನತ್ರ ನಡ್ಕಂಡು ಬಂತಾ?”

ಸಾಲಿನಲ್ಲಿದ್ದವರು ನಕ್ಕರು. ನಾನು ರಿಜಿಸ್ಟರು ತೆಗೆದೆ. ಹತ್ತೊಂಬತ್ತನೆಯ ನಳಿಕೆ, ನಿಂಗಿ, ಹೆಣ್ಣು, ಪಾಸಿಟಿವ್. ನನ್ನದೇ ಅಕ್ಷರ.

ಆಮೇಲೆ ಅವಳು ಲಾರಿಯ ವಿಷಯ ಹೇಳಿದಳು. ಬಷೀರ್ ಭಾಯಿ ನಿಮಗೆ ಹೇಳಿದ್ದು ಹೇಗೋ ಗೊತ್ತಿಲ್ಲ, ಅವಳು ಹೇಳಿದ್ದು ಹೀಗೆ. ಅದರ ಹಿಂದಿನ ಗುರುವಾರ ಹಾಡಿಯ ಇಪ್ಪತ್ತೆರಡು ಮಂದಿ ಬೇಗೂರಿನಲ್ಲಿ ಲಾರಿ ಹತ್ತಿದರು. ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ತೋಟದ ಲೆಕ್ಕ ಬರೆಯುವ ರೈಟರ್ ಬಂದು, ಇವರು ಯಾವ ಹಾಡಿಯವರು ಎಂದು ಕೇಳಿದ. ಬಷೀರ್ ಭಾಯಿ ಅವನ ಹತ್ತಿರ ಏನೋ ಮಾತಾಡಿ ವಾಪಸು ಬಂದು ಎಲ್ಲರನ್ನೂ ಇಳಿಸಿದರು. ಕಾರಣ ಕೇಳಿದ್ದಕ್ಕೆ ನಿಲ್ದಾಣದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಕಾರಣ ಹೇಳಿದರು. ಡಾಕ್ಟರಮ್ಮನೇ ಬರೆದಿದ್ದಾರೆ ಎಂದೂ ಹೇಳಿದರು. ಚಹಾದಂಗಡಿಯವನು ಅವರು ಕುಡಿದಿಟ್ಟ ಲೋಟಗಳನ್ನು ಒಂದೊಂದಾಗಿ ಕೋಲಿನಿಂದ ಚರಂಡಿಗೆ ತಳ್ಳಿದ. ಅವರು ಹುಣಸೂರಿನವರೆಗೆ ನಡೆದೇ ಬಂದರು. ದಾರಿ ಯಾವುದೆಂದು ನಿಮಗೆ ಗೊತ್ತು. ನಿಮ್ಮ ಅಂಗಡಿಯ ಮುಂದೆಯೇ ಹಾದು ಹೋಗಿದ್ದಾರೆ. ಮುಂದೆ ನಡೆಯುತ್ತಿದ್ದ ಹೆಂಗಸು ನಿಂಗಿ.

ಅವರು ಹೋದ ಮೇಲೆ ನಾನು ಮೈಸೂರಿಗೆ ಹೋಗಿ ಫ್ರಿಜ್ಜಿನಲ್ಲಿ ಉಳಿದಿದ್ದ ರಕ್ತದ ತಿಳಿಯನ್ನು ಹೊರತೆಗೆದೆ. ಆ ಹದಿನಾಲ್ಕು ನಳಿಕೆಗಳಲ್ಲಿ ಒಂದು ವಿಚಿತ್ರ ಮೊದಲಿನಿಂದಲೂ ಇತ್ತು. ತಿಳಿಯನ್ನು ಎಷ್ಟು ಪಾಲು ತೆಳು ಮಾಡಿದರೂ ಗಂಟು ಕಟ್ಟುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುತ್ತದೆ, ಒಬ್ಬರಿಗೆ ನಾಲ್ಕು, ಒಬ್ಬರಿಗೆ ಹದಿನಾರು. ಇಲ್ಲಿ ಹನ್ನೆರಡು ನಳಿಕೆಯಲ್ಲಿ ಸಾಲಾಗಿ ಮೂವತ್ತೆರಡು. ರೋಗ ಒಂದೇ ಮೂಲದಿಂದ ಹಬ್ಬಿದ್ದಕ್ಕೆ ಇದೇ ಸಾಕ್ಷಿ ಎಂದು ನಾವು ಥೀಸಿಸ್‌ನಲ್ಲಿ ಬರೆದಿದ್ದೆವು. ಈಗ ಆ ಹನ್ನೆರಡರ ರಕ್ತದ ಗುಂಪು ನೋಡಿದೆ. ಹನ್ನೆರಡೂ ಎಬಿ. ನೂರು ಜನರಲ್ಲಿ ಏಳೆಂಟು ಮಂದಿಗೆ ಇದ್ದರೆ ಹೆಚ್ಚು, ಅಂಥ ಗುಂಪು. ಮೂಲ ಒಂದೇ ಎಂದು ನಾವು ಬರೆದದ್ದು ನಿಜವೇ. ಹನ್ನೆರಡು ನಳಿಕೆಯ ರಕ್ತವೂ ಒಬ್ಬನದೇ.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ನೀವು ನಮ್ಮ ಮನೆಯ ಒಂದು ಪದ್ಧತಿಯನ್ನೂ ಹಾಡಿಯ ಒಂದು ಪದ್ಧತಿಯನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ನಿಮ್ಮ ಅಮ್ಮೀಗೆ ಜ್ವರ ಬಂದಾಗಲೆಲ್ಲ ಡಾಕ್ಟರು ಪರದೆಯ ಈಚೆ ಕುಳಿತು, ಆಚೆಯಿಂದ ಚಾಚಿದ ಕೈಯಲ್ಲಿ ನಾಡಿ ನೋಡುತ್ತಿದ್ದರಲ್ಲವೇ? ನನ್ನ ತವರಿನಲ್ಲೂ ಹಾಗೆಯೇ. ಮರ್ಯಾದೆ ಎಂದರೆ ಅದು ಎಂದು ನನ್ನ ಮನಸ್ಸಿನಲ್ಲಿ ಕುಳಿತಿತ್ತು. ಹಾಡಿಯ ಹೆಂಗಸರಿಗೂ ಅದೇ ಮರ್ಯಾದೆ ಸಲ್ಲಬೇಕೆಂದು, ಯಾರೂ ಕೇಳದಿದ್ದರೂ, ನಾನೇ ಎರಡು ಮರಗಳ ನಡುವೆ ಹಗ್ಗ ಕಟ್ಟಿಸಿ ನನ್ನ ನೀಲಿ ಚಾದರ ಇಳಿಬಿಟ್ಟೆ. ಹೆಲ್ತ್ ಇನ್‌ಸ್ಪೆಕ್ಟರ್ ಸಣ್ಣಬೀರಯ್ಯ ಪಟ್ಟಿ ನೋಡಿ ಗಂಡಸರದಿರಲಿ ಹೆಂಗಸರದಿರಲಿ ಹೆಸರು ಕೂಗುವುದು, ಚಾದರದ ಕೆಳಗಿನಿಂದ ಒಂದು ಕೈ ಬರುವುದು, ನಾನು ರಕ್ತ ತೆಗೆದು ನಳಿಕೆಗೆ ಚೀಟಿ ಅಂಟಿಸುವುದು. ಹಾಡಿಯ ಹೆಂಗಸರು ಕಾಡಿನಲ್ಲೂ ತೋಟದಲ್ಲೂ ಗಂಡಸರ ಸಮಕ್ಕೆ ನಿಂತು ದುಡಿಯುವವರು. ಅವರಿಗೆ ಆ ಚಾದರ ಯಾಕೆ ಎಂದೇ ತಿಳಿಯಲಿಲ್ಲವಂತೆ. ಡಾಕ್ಟರಮ್ಮನಿಗೆ ನಮ್ಮ ಮುಖ ನೋಡಲು ಇಷ್ಟವಿಲ್ಲ ಎಂದುಕೊಂಡರಂತೆ.

ಇನ್ನು ಅವರ ಪದ್ಧತಿ. ಕಾಡಿನಲ್ಲಿ ಬೆಂಕಿ ಹರಡದಂತೆ ಗೆರೆ ಸವರುವ ಕೆಲಸಕ್ಕೆ ಫಾರೆಸ್ಟ್ ಗಾರ್ಡು ಬಂದು ಮನೆಗೊಬ್ಬ ಆಳು ಎಂದು ಕೂಗಿದರೆ, ಮನೆಯವನು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬ ಅವನ ಹೆಸರಿಗೆ ಓಗೊಟ್ಟು ನಿಲ್ಲುತ್ತಾನೆ. ಅದು ಅಲ್ಲಿ ಮೋಸವಲ್ಲ, ನೆರೆಹೊರೆಯ ಧರ್ಮ. ಅಷ್ಟೇ ಅಲ್ಲ, ಖಾಲಿ ಗುಡಿಸಲು ಕಂಡರೆ ಫಾರೆಸ್ಟಿನವರು ಕಿತ್ತುಹಾಕುತ್ತಾರೆ ಎಂಬ ಭಯ ಒಂದು ವರ್ಷದಿಂದ ಎಲ್ಲ ಹಾಡಿಗಳಲ್ಲೂ ಇದೆ. ನಾವು ಪಟ್ಟಿ ಹಿಡಿದು ಹೋದದ್ದು ಜನವರಿಯಲ್ಲಿ, ಅರ್ಧ ಹಾಡಿ ಕಾಫಿ ಕುಯಿಲಿಗೆ ಕೊಡಗಿನಲ್ಲಿದ್ದಾಗ. ಊರಿನಲ್ಲಿ ಉಳಿದ ಗಂಡಸರಲ್ಲಿ ಒಬ್ಬ ಈರ. ಕೊಡಲಿ ತಗುಲಿ ಕಾಲು ಊದಿಕೊಂಡು ಕುಳಿತಿದ್ದ.

ಆ ಈರನನ್ನು ಮೊನ್ನೆ ಕೇಳಿದೆ, ಯಾಕಪ್ಪಾ ಹೀಗೆ ಮಾಡಿದೆ ಎಂದು.

“ನೀವ್ ಎಸ್ರು ಕೂಗುದ್ರಿ. ಓ ಅನ್ನೋರು ಇಲ್ದಿದ್ರೆ ಗುಡ್ಲು ಎತ್ತುಸ್ಬುಡ್ತಾರೆ ಅಂದ ದೊಡ್ಡಬೊಮ್ಮಣ್ಣ. ನಂಗೂ ಕಾಲಿಗೆ ಕೆಲ್ಸ ಇರ್ನಿಲ್ಲ, ಕೈಗಾದ್ರೂ ಇರ್ಲಿ ಅಂತ ಕೊಟ್ಟೆ. ಎಡ್ಗೈ ಸಾಕಾದಾಗ ಬಲ್ಗೈ ಕೊಟ್ಟೆ.”

“ನೋವಾಗಲಿಲ್ಲವೇ?”

“ಬೆಂಕಿ ಗೆರೆ ಕೆಲ್ಸದ್ ಮುಂದೆ ಇದೇನು ಬುಡಿ. ಒಂದೊಂದು ಸಲಕ್ಕೂ ಒಂದ್ ಬನ್ನು ಕೊಟ್ರಿ. ಅನ್ನೆಲ್ಡೂ ನಾನೇ ತಿಂದೆ ಅನ್ಕಬೇಡಿ, ಮಕ್ಳಿಗೆ ಹಂಚ್ದೆ.”

ಕೊಡಗಿನಿಂದ ಇಳಿಸಿಬಿಟ್ಟಿದ್ದರಿಂದ ಈ ನವೆಂಬರಿನಲ್ಲಿ ಹಾಡಿಯಲ್ಲಿ ಎಲ್ಲರೂ ಇದ್ದರು. ಅವರನ್ನು ಊರಲ್ಲಿ ಉಳಿಸಿದ ಪುಣ್ಯವಾದರೂ ಬಷೀರ್ ಭಾಯಿಗೆ ಸಲ್ಲಲಿ. ನಾನು ಮತ್ತೆ ಹೋದೆ. ಚಾದರ ಒಯ್ಯಲಿಲ್ಲ. ಒಬ್ಬೊಬ್ಬರ ಮುಖ ನೋಡಿ, ಹೆಸರು ಅವರ ಬಾಯಿಂದಲೇ ಕೇಳಿ, ಐವತ್ತೆಂಟು ಮಂದಿಯ ರಕ್ತ ತೆಗೆದೆ. ಮೊದಲು ತೋಳು ಚಾಚಿದವಳು ನಿಂಗಿ. “ಈಗ ನೋಡ್ಕೊ ಸರ್ಯಾಗಿ” ಎಂದು ಗಲ್ಲ ಎತ್ತಿ ತೋರಿಸಿ ಕುಳಿತಳು. ಜನವರಿಯ ನಲವತ್ತಮೂರು ನಳಿಕೆಗಳು ಒಟ್ಟು ಇಪ್ಪತ್ತಾರು ಜನರವು ಎಂದು ಲೆಕ್ಕ ಸಿಕ್ಕಿತು. ಐವತ್ತೆಂಟರಲ್ಲಿ ರೋಗ ಇದ್ದದ್ದು ಮೂವರಿಗೆ. ಈರ ಒಬ್ಬ, ಇನ್ನಿಬ್ಬರ ಹೆಸರು ಬರೆಯುವುದಿಲ್ಲ. ನೂರಕ್ಕೆ ಐದು. ಇದೇ ಸಮೀಕ್ಷೆಯಲ್ಲಿ ನಾವು ನೋಡಿದ ಪೇಟೆಯವರದು ನೂರಕ್ಕೆ ಆರು. ಅವರನ್ನು ಯಾರೂ ಯಾವ ವಾಹನದಿಂದಲೂ ಇಳಿಸಿಲ್ಲ.

ಈರನ ಹೆಸರನ್ನು ಹೇಗೆ ಬರೆದೆ ಎಂದು ಕೇಳಬಹುದು. ಅವನನ್ನು ಕೇಳಿಯೇ ಬರೆದೆ. ತಪ್ಪು ಆದದ್ದು ಹೇಗೆಂದು ವಿವರಿಸಬೇಕಾದರೆ ನಿನ್ನ ವಿಷಯ ಬರುತ್ತದೆ, ಹೆಸರು ಬಿಟ್ಟು ಬರೆಯುತ್ತೇನೆ ಎಂದೆ. ಅವನು, “ಎಸ್ರು ಬುಟ್ರೆ ಆಡಿಯೋರ್ನೆಲ್ಲ ಅನುಮಾನದಲ್ಲಿ ನೋಡ್ತಾರೆ. ಈರ ಅಂತ್ಲೇ ಬರೀರಿ. ನಂಗೇನು, ಎಣ್ಣು ಕೊಡೋರ್ ಯಾರಾದ್ರೂ ಕಾಯ್ಕಂಡ್ ಕುಂತವ್ರಾ” ಎಂದ. ಅವನಿಗೆ ಐವತ್ತು ದಾಟಿದೆ. ವಾರಕ್ಕೊಂದರಂತೆ ಮೂರು ಪೆನಿಸಿಲಿನ್ ಸೂಜಿ ಎಂದಾಗ ಬೇಸರ ಮಾಡಿಕೊಂಡ. “ತಗಳಾಗ ಅನ್ನೆಲ್ಡು, ಕೊಡಾಗ ಮೂರೇಯಾ?”

ಹೋದ ಮಂಗಳವಾರ ಪ್ರೊಫೆಸರರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಹೆಂಗಸೊಬ್ಬಳು ಈ ವಿಷಯ ಹಿಡಿದಾಗ ಉಳಿದವರು ನಗುತ್ತಿದ್ದರೂ ಅವರು ನಗಲಿಲ್ಲ, ಅದನ್ನು ನಾನು ಮರೆತಿಲ್ಲ. ಆದರೆ ಅಂದು ಅವರು ಬಾಗಿಲು ಮುಚ್ಚಿ ಕೇಳಿದ್ದು ಇದನ್ನು: “ಅಜ್ಮತ್, ಇದನ್ನು ಬರೆದರೆ ನಿಮ್ಮ ಎಂ.ಡಿ. ಹೋಗುತ್ತದೆ, ನನ್ನ ಹೆಸರೂ ಹೋಗುತ್ತದೆ. ಹಾಡಿಯವರು ಇಂಗ್ಲಿಷ್ ಜರ್ನಲ್ ಓದುತ್ತಾರೆಯೇ?”

“ಲಾರಿ ಮೇಸ್ತ್ರಿಯೂ ಓದುವುದಿಲ್ಲ ಸಾರ್” ಎಂದೆ. “ಆದರೂ ಇಳಿಸಿದರು.”

ಅವರು ಹೊಸ ಅಂಕಿಯನ್ನು ಒಂದು ಅಡಿಟಿಪ್ಪಣಿಯಾಗಿ ಹಾಕಿದರೆ ಸಾಲದೇ ಎಂದರು. ನೂರಕ್ಕೆ ಮೂವತ್ತಮೂರು ಎಂಬುದು ದೊಡ್ಡ ಅಕ್ಷರದಲ್ಲೂ ಸುಳ್ಳು ಎಂಬುದು ಚಿಕ್ಕ ಅಕ್ಷರದಲ್ಲೂ ಇರುವ ಪುಸ್ತಕಕ್ಕೆ ನನ್ನ ಹೆಸರು ಬೇಡ ಎಂದು ಎದ್ದು ಬಂದೆ.

ಮರುದಿನ ಬುಧವಾರ ಪಿರಿಯಾಪಟ್ಟಣಕ್ಕೆ ಹೋಗಿ ಬಷೀರ್ ಭಾಯಿಯನ್ನೂ ಕಂಡೆ. ನಿಮ್ಮ ಕಾಗದಕ್ಕೆ ಕಾರಣ ಅದೇ ಎಂದು ನನಗೆ ಗೊತ್ತು. ಲಾರಿಗಳ ನಡುವೆ, ಕ್ಲೀನರುಗಳ ಎದುರು ಮನೆಯ ಸೊಸೆ ನಿಂತು ಫರಂಗಿ ರೋಗದ ಮಾತಾಡಿದಳು ಎಂದು ಅವರು ದೂರಿರಬೇಕು. ಹೌದು, ಆಡಿದೆ. ಅವರು ಅದೇ ಮಾತನ್ನು ಬಸ್ ನಿಲ್ದಾಣದಲ್ಲಿ ಆಡಬಹುದಾದರೆ ನಾನು ಲಾರಿ ಶೆಡ್ಡಿನಲ್ಲಿ ಆಡಬಾರದೇ? ಅವರೂ ಒಂದು ನ್ಯಾಯದ ಪ್ರಶ್ನೆ ಕೇಳಿದರು. “ಇದೆ ಅಂದವರೂ ನೀವೇ, ಇಲ್ಲ ಅನ್ನುವವರೂ ನೀವೇ. ನಾನು ಯಾವ ಮಾತು ನಂಬಲಿ ದುಲ್ಹನ್?” ಎರಡನೆಯದನ್ನು ನಂಬಿ, ಮೊದಲನೆಯದನ್ನು ಹೇಳಿದಾಗ ನನಗೆ ಹೆಮ್ಮೆ ಇತ್ತು, ಎರಡನೆಯದನ್ನು ಹೇಳುವಾಗ ನಾಚಿಕೆ ಇದೆ ಎಂದೆ. ಅವರು ಕರಗಲಿಲ್ಲ. ಒಬ್ಬೊಬ್ಬರಿಗೂ ರೋಗವಿಲ್ಲ ಎಂದು ಸಹಿ ಹಾಕಿ ಚೀಟಿ ಕೊಡಿ, ಚೀಟಿ ಇದ್ದವರನ್ನು ಹತ್ತಿಸಿಕೊಳ್ಳುತ್ತೇನೆ ಎಂದರು.

ನಾನು ಚೀಟಿ ಕೊಡಲು ಒಪ್ಪಿ ಬಂದಿದ್ದೆ. ಸುಳ್ಳು ಹೇಳುವುದಿಲ್ಲ. ಐವತ್ತೈದು ಚೀಟಿ ಬರೆದರೆ ಐವತ್ತೈದು ಮಂದಿಗೆ ಕೂಲಿ ಸಿಗುತ್ತದೆ, ಅಷ್ಟೇ ತಾನೆ ಎಂದುಕೊಂಡೆ. ಹಾಡಿಗೆ ಹೋಗಿ ಹೇಳಿದಾಗ ನಿಂಗಿ ಎಲೆಯಡಿಕೆ ಉಗುಳಿ ಬಂದು ಕೇಳಿದಳು.

“ಚೀಟಿ ಕಟ್ಕಂಡು ಓಗಾಕೆ ನಾವೇನು ಸಂತೆ ದನವಾ? ನಿಮ್ ಲಾರಿ ಸಾಬ್ರ ಕುತ್ಗೆಗೆ ಚೀಟಿ ಕಟ್ಟಿದ್ದೀರಾ? ಆ ತೋಟದ್ ರೈಟರ್‌ಗೆ ಕಟ್ಟಿದ್ದೀರಾ?”

ನೀವು ಎನ್ನುವಷ್ಟಕ್ಕೆ ಅವಳು ಬಂದಿದ್ದಳು ಎಂಬುದನ್ನು ಗಮನಿಸಿ. ನಾನು ಚೀಟಿ ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಅವಳ ಜೊತೆ ಹದಿನೆಂಟು ಮಂದಿ ಗಡಿಯ ಬಾವಲಿ ದಾಟಿ ವಯನಾಡಿನ ಕಡೆ ನಡೆದು ಹೋದರು. ಅಲ್ಲಿ ಕೂಲಿ ಕಡಿಮೆ, ಆದರೆ ಅಲ್ಲಿಯವರಿಗೆ ನನ್ನ ಅಂಕಿ ಇನ್ನೂ ಮುಟ್ಟಿಲ್ಲ. ಮುಟ್ಟುವ ಮೊದಲು ಅದನ್ನು ಅಳಿಸಬೇಕು. ನನಗಿರುವ ಅವಸರ ಅದು.

ಆದ್ದರಿಂದ ಶನಿವಾರ ಬೆಳಿಗ್ಗೆ, ನಿಮ್ಮ ಕಾಗದ ಬರುವುದಕ್ಕೆ ಮೊದಲೇ, ಮೂರು ಲಕೋಟೆಗಳನ್ನು ರಿಜಿಸ್ಟರ್ ಮಾಡಿಸಿದೆ. ವಿಶ್ವವಿದ್ಯಾಲಯಕ್ಕೆ ಒಂದು, ಥೀಸಿಸ್ ವಾಪಸು ತೆಗೆದುಕೊಂಡಿದ್ದೇನೆ ಎಂದು. ಆರೋಗ್ಯ ಇಲಾಖೆಗೆ ಒಂದು. ಮೈಸೂರಿನ ದಿನಪತ್ರಿಕೆಯ ಸಂಪಾದಕರಿಗೆ ಇನ್ನೊಂದು, ಕನ್ನಡದಲ್ಲಿ, ಪಿರಿಯಾಪಟ್ಟಣದ ಚಹಾದಂಗಡಿಯಲ್ಲಿ ಕುಳಿತು ಗಟ್ಟಿಯಾಗಿ ಓದಬಹುದಾದ ಕನ್ನಡದಲ್ಲಿ. ಕೆಳಗೆ ನನ್ನ ಪೂರ್ತಿ ಹೆಸರು ಬರೆದಿದ್ದೇನೆ. ಊರು ಹುಣಸೂರು ಎಂದೂ ಬರೆದಿದ್ದೇನೆ. ಅಚ್ಚಾದ ದಿನ ಅಮ್ಮೀಗೆ ಮೊಹಲ್ಲಾದಲ್ಲಿ ಮುಖ ತೋರಿಸುವುದು ಕಷ್ಟ ಎಂದು ನೀವು ಹೇಳುತ್ತೀರಿ. ಪಿರಿಯಾಪಟ್ಟಣದಲ್ಲಿ ಇಪ್ಪತ್ತೆರಡು ಮಂದಿ ಮುಖ ತೋರಿಸಿಕೊಂಡೇ ಇಳಿದರು. ಅವರ ಮುಖ ಉಳಿದಿದೆ. ಅಮ್ಮೀಯದೂ ಉಳಿಯುತ್ತದೆ.

ಅಂಗಡಿಯ ಪಕ್ಕದ ಕೋಣೆಯನ್ನು ನನ್ನ ದವಾಖಾನೆಗೆಂದು ಸುಣ್ಣ ಹೊಡೆಸಿದ್ದೀರಿ, ಹೆಂಗಸರು ಮತ್ತು ಮಕ್ಕಳ ವೈದ್ಯೆ ಎಂದು ಬೋರ್ಡೂ ಬರೆಸಿದ್ದೀರಿ ಎಂದು ಓದಿದಾಗ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ನನ್ನನ್ನು ಓದಿಸಿದವರು ನೀವು. ಮನೆಯಲ್ಲಿ ಎಲ್ಲರೂ ಬೇಡವೆಂದಾಗ ನನ್ನ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಮೈಸೂರು ಬಸ್ಸಿಗೆ ಹಾಕಿದವರು ನೀವು. ಬೋರ್ಡಿನಲ್ಲಿ ಇನ್ನೂ ಒಂದು ಸಾಲಿಗೆ ಜಾಗ ಇದ್ದರೆ ಗುಹ್ಯರೋಗಗಳಿಗೂ ಚಿಕಿತ್ಸೆ ಉಂಟು ಎಂದು ಬರೆಸಿ. ಜಾಗ ಇಲ್ಲದಿದ್ದರೆ ಆ ಬೋರ್ಡಿನ ಕೆಳಗೆ ನಾನು ಕೂರುವುದಿಲ್ಲ. ನಮ್ಮ ಪೇಟೆಯಲ್ಲೂ ಅದೇ ಲೆಕ್ಕವಾದರೆ ನೂರರಲ್ಲಿ ಆರು ಮಂದಿ ಎಲ್ಲಿಗೆ ಹೋಗಬೇಕು ಹೇಳಿ. ಅವರಲ್ಲಿ ಹೆಂಗಸರೂ ಇರುತ್ತಾರೆ, ಗಂಡಂದಿರಿಂದ ಅಂಟಿಸಿಕೊಂಡವರು. ಪರದೆಯ ಆಚೆಯಿಂದ ಕೈ ಚಾಚಿ ಜ್ವರ ಎಂದಷ್ಟೇ ಹೇಳುತ್ತಾರೆ.

ಮುನ್ನಿಯನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಅವಳು ನೀವು ಕೊಟ್ಟರೆ ಬರುವ, ಕೊಡದಿದ್ದರೆ ಬರದ ಸಾಮಾನಲ್ಲ. ಶುಕ್ರವಾರ ನಾನು ಹುಣಸೂರಿಗೆ ಬರುತ್ತೇನೆ. ನೀವು ಗಡುವು ಕೊಟ್ಟಿರಿ ಎಂದಲ್ಲ, ಅಂದು ಅವಳ ಹುಟ್ಟುಹಬ್ಬ. ಹನ್ನೊಂದು ಗಂಟೆಯ ಬಸ್ಸು. ಜುಮ್ಮಾ ನಮಾಜಿಗೆ ಹೊರಡುವ ಮೊದಲು ನೀವು ಬಾಗಿಲು ತೆರೆದರೆ ಒಳಗೆ ಕುಳಿತು ಮಾತಾಡೋಣ. ತೆರೆಯದಿದ್ದರೆ ಜಗಲಿಯ ಮೇಲೆ ಕುಳಿತುಕೊಳ್ಳುತ್ತೇನೆ. ಬೀದಿಯವರು ಕೇಳಿದರೆ ಏಕೆ ಕುಳಿತಿದ್ದೇನೆಂದು ಒಬ್ಬೊಬ್ಬರಿಗೂ ಹೇಳುತ್ತೇನೆ. ಮಾತು ಕಲಿಯಲು ತಡವಾಯಿತು, ಈಗ ಕಲಿತಿದ್ದೇನೆ.

ಮುಂದಿನ ಸೋಮವಾರದಿಂದ ಎನ್. ಬೇಗೂರಿನ ಚಿಕಿತ್ಸಾಲಯಕ್ಕೆ ಡಾಕ್ಟರು ಬೇಕೆಂದು ಇಲಾಖೆಯವರು ಕೇಳಿದ್ದರು, ಯಾರೂ ಹೋಗಲು ಒಪ್ಪದ ಜಾಗ. ನಾನು ಒಪ್ಪಿದ್ದೇನೆ. ಈರನಿಗೆ ಇನ್ನೂ ಎರಡು ಸೂಜಿ ಬಾಕಿ ಇದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ತಗಡು ಕತ್ತರಿಸುವಾಗ ಎಡಗೈಗೆ ಬಟ್ಟೆ ಸುತ್ತಿಕೊಳ್ಳಿ.

ಎಂ.ಡಿ. ಆಗದೆಯೂ ನಿಮ್ಮವಳೇ ಆಗಿರುವ,
ಅಜ್ಮತುನ್ನೀಸಾ

ಮರೆತದ್ದಲ್ಲ, ಮೇಲೆ ಬರೆಯಲು ಆಗದೆ ಉಳಿದದ್ದು: ಹತ್ತೊಂಬತ್ತನೆಯ ನಳಿಕೆಗೆ ಸಣ್ಣಬೀರಯ್ಯ ನಿಂಗಿ ಎಂದು ಕೂಗಿದಾಗ ಚಾದರದ ಕೆಳಗಿನಿಂದ ಬಂದದ್ದು ಗಂಡಸಿನ ಕೈ. ಮೊಣಕೈ ಮಡಿಕೆಯಲ್ಲಿ, ಸ್ವಲ್ಪ ಹೊತ್ತಿನ ಹಿಂದೆ ನಾನೇ ಅಂಟಿಸಿದ್ದ ಹತ್ತಿ ಇನ್ನೂ ಒದ್ದೆಯಾಗಿತ್ತು. ನನಗೆ ಕಂಡಿತು. ಒಂದೊಂದು ಜಾಗದಿಂದ ನಲವತ್ತಾದರೂ ನಳಿಕೆ ಇಲ್ಲದಿದ್ದರೆ ಆ ಜಾಗವನ್ನು ಕೋಷ್ಟಕದಿಂದ ಬಿಡಬೇಕೆಂಬುದು ನಿಯಮ, ಮತ್ತೆ ಅಷ್ಟು ದೂರ ಬರಲು ಜೀಪು ಸಿಗುತ್ತಿರಲಿಲ್ಲ. ನಾನು ಹತ್ತಿ ತೆಗೆದು, ಎರಡು ಬೆರಳು ಕೆಳಗೆ ಚುಚ್ಚಿದೆ. ಆಮೇಲೆ ಬಂದ ಕೈಗಳನ್ನು ನೋಡುವುದನ್ನೇ ಬಿಟ್ಟೆ. ಮೂರು ರಿಜಿಸ್ಟರ್ ಕಾಗದಗಳಲ್ಲೂ ಇದು ಎರಡನೆಯ ಪ್ಯಾರಾದಲ್ಲಿದೆ. ಪತ್ರಿಕೆಯಲ್ಲಿ ಓದುವ ಮೊದಲು ನಿಮಗೆ ನನ್ನಿಂದಲೇ ತಿಳಿಯಲಿ. ನಿಂಗಿಗೆ ಇನ್ನೂ ಹೇಳಿಲ್ಲ. ವಯನಾಡಿನಿಂದ ಬಂದ ದಿನ ಹೇಳುತ್ತೇನೆ. ಅವಳು ಮತ್ತೆ ನೀನು ಎನ್ನಲಿ.